ಛತ್ರ ನೋಡಲು ಹೋದಾಗ ಅಡುಗೆಮನೆ ಬಾಗಿಲಿಂದ ಒಳಗೆ ಹೋಗಿ

ನನ್ನ ತಂಗಿಯ ಆರತಕ್ಷತೆಯ ರಾತ್ರಿ ನಮ್ಮ ದೊಡ್ಡಪ್ಪ ಊಟ ಮಾಡದೆ ಮನೆಗೆ ಹೋದರು. ಅವರಿಗೆ ಸಕ್ಕರೆ ಕಾಯಿಲೆ, ಎಂಟು ಗಂಟೆಗೆಲ್ಲ ಊಟ ಆಗಬೇಕು. ಎರಡು ಸಲ ಊಟದ ಹಾಲ್‌ಗೆ ಇಳಿದು ಹೋದರು. ಎರಡು ಸಲವೂ ಪ್ರತಿ ಕುರ್ಚಿಯ ಹಿಂದೆ ಒಬ್ಬೊಬ್ಬರು ನಿಂತಿದ್ದರು, ಕೂತವರು ಯಾವಾಗ ಏಳುತ್ತಾರೋ ಅಂತ ಕಾಯುತ್ತಾ. ಉಣ್ಣುವವರ ಬೆನ್ನಿಗೆ ಹೋಗಿ ನಿಲ್ಲುವುದು ದೊಡ್ಡಪ್ಪನಿಂದ ಆಗುವ ಕೆಲಸವಲ್ಲ. ಒಂಬತ್ತೂವರೆಗೆ ಯಾರಿಗೂ ಹೇಳದೆ ಆಟೋ ಹತ್ತಿದರು. ನಮಗೆ ಗೊತ್ತಾಗಿದ್ದು ಮರುದಿನ ಬೆಳಿಗ್ಗೆ, ದೊಡ್ಡಮ್ಮ ಹೇಳಿದಾಗ.

ಆ ಛತ್ರ ಆರಿಸಿದ್ದು ನಾನು. ಮುಂದಿನ ಕಮಾನು, ಮೆಟ್ಟಿಲಿನ ಗ್ರಾನೈಟ್, ಮಂಟಪದ ಹಿಂದಿನ ಕೆತ್ತನೆ ನೋಡಿ ಮನಸೋತಿದ್ದೆ. ಊಟದ ಹಾಲ್‌ಗೆ ಬಾಗಿಲಲ್ಲೇ ನಿಂತು ಇಣುಕಿದ್ದೆ ಅಷ್ಟೆ. ಕುರ್ಚಿ ಎಣಿಸಿರಲಿಲ್ಲ.

ಅದಾದ ಮೇಲೆ ನಮ್ಮ ಮನೆಯಲ್ಲಿ ತಮ್ಮನ ಮದುವೆ, ಅಪ್ಪನ ಅರವತ್ತರ ಶಾಂತಿ, ಚಿಕ್ಕಮ್ಮನ ಮಗಳ ಮದುವೆ ನಡೆದವು. ಮೂರಕ್ಕೂ ಜಾಗ ಹುಡುಕಿದ್ದು ನಾನೇ. ತುಮಕೂರಿನ ಒಳಗೆ, ಹೊರಗೆ, ಹೈವೇ ಪಕ್ಕ ಎಷ್ಟೋ ಛತ್ರಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಹಾಗೆ ಕಲಿತದ್ದನ್ನು, ನಾನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಪತ್ರಿಕೆ ಎಣಿಸಬೇಡಿ, ಎಲೆ ಎಣಿಸಿ

ಛತ್ರ ನೋಡಲು ಹೊರಡುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. "ಆರುನೂರು ಪತ್ರಿಕೆ ಹಾಕಿಸಿದ್ದೀವಿ, ಸಾವಿರ ಜನ ಬರಬಹುದು" ಅನ್ನುವ ಅಂದಾಜು ಯಾವ ಕೆಲಸಕ್ಕೂ ಬರುವುದಿಲ್ಲ. ಒಂದೊಂದು ಮನೆಯ ಹೆಸರು ಬರೆದು, ಎದುರಿಗೆ ಮೂರು ಸಾಲು ಎಳೆಯಿರಿ: ಹಿಂದಿನ ರಾತ್ರಿಯ ಊಟ, ಬೆಳಗಿನ ತಿಂಡಿ, ಮುಹೂರ್ತದ ಊಟ. ಆ ಮನೆಯಿಂದ ಯಾವ ಹೊತ್ತಿಗೆ ಎಷ್ಟು ಜನ ಬರುತ್ತಾರೆ ಅಂತ ಬರೆಯಿರಿ.

ನಮ್ಮ ಕಡೆ ಆರತಕ್ಷತೆ ಹಿಂದಿನ ರಾತ್ರಿ ಇರುತ್ತದೆ. ಆಫೀಸಿನವರು, ಬೆಂಗಳೂರಿನವರು, ಸ್ನೇಹಿತರು ರಾತ್ರಿಗೇ ಬಂದು ಹೋಗುತ್ತಾರೆ. ಊರಿನವರು, ಹತ್ತಿರದ ಬಂಧುಗಳು ಧಾರೆಗೆ ಬರುತ್ತಾರೆ. ತಮ್ಮನ ಮದುವೆಯಲ್ಲಿ ಹೀಗೆ ಬರೆದಾಗ ರಾತ್ರಿಗೆ 950, ತಿಂಡಿಗೆ 300, ಮುಹೂರ್ತದ ಊಟಕ್ಕೆ 700 ಬಂತು. ಹೆಚ್ಚುಕಮ್ಮಿ ಹಾಗೇ ಆಯಿತು. ಇದರಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದೇ ನಿಮ್ಮ ಲೆಕ್ಕ. ಉಳಿದದ್ದನ್ನು ಛತ್ರ ತಾನೇ ತಡೆದುಕೊಳ್ಳುತ್ತದೆ.

ಹಳ್ಳಿಯ ಸಂಬಂಧ ಇರುವವರು ಒಂದು ವಿಷಯ ಮರೆಯಬಾರದು. ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು "ಎಲ್ರೂ ಬನ್ನಿ" ಅಂತ ಕರೆದ ಊರಿಗೆ ಬಸ್ಸನ್ನೂ ಕಳಿಸಿದರೆ, ಆ ಬಸ್ಸು ತುಂಬಿಯೇ ಬರುತ್ತದೆ. ಬರಲಿ, ಅದಕ್ಕೇ ತಾನೇ ಕರೆದದ್ದು. ಆದರೆ ಲೆಕ್ಕದಲ್ಲಿ ಆ ಬಸ್ಸು ಇರಬೇಕು.

ದಿನ ಒಂದೇ ಹಿಡಿದುಕೊಂಡು ಹೋಗಬೇಡಿ

ಪುರೋಹಿತರು ಒಂದು ಮುಹೂರ್ತ ಹೇಳಿದ ತಕ್ಷಣ ಅದನ್ನೇ ಹಿಡಿದುಕೊಂಡು ಛತ್ರ ಹುಡುಕಿದರೆ, ಸಿಕ್ಕಿದ ಛತ್ರಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ಎರಡು ಮೂರು ದಿನ ಬರೆಸಿಕೊಂಡು ಹೋಗಿ. ಆಷಾಢ, ಪಿತೃಪಕ್ಷ, ಧನುರ್ಮಾಸ ಕಳೆದರೆ ಉಳಿಯುವ ತಿಂಗಳುಗಳೇ ಕಡಿಮೆ. ಜೊತೆಗೆ ಅಧಿಕ ಮಾಸ ಬಂದರೆ ಇನ್ನೂ ಕಷ್ಟ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ. ಆ ವರ್ಷ ಮದುವೆಗಳೆಲ್ಲ ಉಳಿದ ತಿಂಗಳಿಗೆ ನುಗ್ಗುತ್ತವೆ. ಛತ್ರ ಮಾತ್ರ ಅಲ್ಲ, ಅಡುಗೆಯವರು, ಓಲಗದವರು, ಹೂವು ಎಲ್ಲವೂ ಅದೇ ದಿನಕ್ಕೆ ಬೇಕು ಅಂತ ಎಲ್ಲರೂ ಕೇಳುತ್ತಿರುತ್ತಾರೆ.

ಹುಟ್ಟುಹಬ್ಬ, ನಿವೃತ್ತಿಯ ಸನ್ಮಾನ, ಹಳೆ ವಿದ್ಯಾರ್ಥಿಗಳು ಸೇರುವುದು, ಇಂಥದ್ದಕ್ಕೆ ಮುಹೂರ್ತದ ಹಂಗಿಲ್ಲ ಅಲ್ವಾ? ಹಾಗಿದ್ದರೆ ಆಷಾಢದಲ್ಲೇ ಇಟ್ಟುಕೊಳ್ಳಿ. ಒಳ್ಳೆಯ ಛತ್ರವೇ ಖಾಲಿ ಇರುತ್ತದೆ, ಬಾಡಿಗೆಯಲ್ಲೂ ಧೈರ್ಯವಾಗಿ ಚೌಕಾಸಿ ಮಾಡಬಹುದು.

ಶಿವರಾತ್ರಿ ಸುತ್ತಮುತ್ತ ಸಿದ್ಧಗಂಗೆ ಜಾತ್ರೆ. ಕ್ಯಾತ್ಸಂದ್ರದ ಕಡೆ ಛತ್ರ ಹಿಡಿಯುವವರು ಆ ದಿನಗಳ ಜನ, ವಾಹನ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಯಾರು ಎಲ್ಲಿಂದ ಬರುತ್ತಾರೆ

ತುಮಕೂರಿಗೆ ನಾಲ್ಕೂ ಕಡೆಯಿಂದ ರಸ್ತೆ ಇದೆ. ಗುಬ್ಬಿ, ತಿಪಟೂರು ಕಡೆಯವರು ಗುಬ್ಬಿ ಗೇಟ್ ಮೇಲೆ ಬರುತ್ತಾರೆ. ಶಿರಾ ಕಡೆಯವರು ಶಿರಾ ಗೇಟ್ ಮೇಲೆ. ಕುಣಿಗಲ್ ಕಡೆಯವರಿಗೆ ಅವರದೇ ರಸ್ತೆ. ಬೆಂಗಳೂರಿನವರು 70 ಕಿಲೋಮೀಟರ್ ದೂರದಿಂದ ಕ್ಯಾತ್ಸಂದ್ರ, ಬಟವಾಡಿ ದಾಟಿ ಬರುತ್ತಾರೆ. ನೋಟ್‌ಬುಕ್‌ನಲ್ಲಿ ಯಾವ ಕಡೆಯವರು ಜಾಸ್ತಿ ಇದ್ದಾರೋ ಆ ಕಡೆ ಛತ್ರ ನೋಡಿ. ಗುಬ್ಬಿಯವರೇ ಮುನ್ನೂರು ಜನ ಇರುವಾಗ ಕ್ಯಾತ್ಸಂದ್ರದಾಚೆ ಛತ್ರ ಹಿಡಿದರೆ, ಅಷ್ಟೂ ಜನ ಊರನ್ನು ಪೂರ್ತಿ ದಾಟಿ ಬರಬೇಕು.

ಭಾನುವಾರ ಸಂಜೆ ಆರತಕ್ಷತೆ ಇಟ್ಟರೆ ಬೆಂಗಳೂರಿನವರು ಒಂಬತ್ತಕ್ಕೆಲ್ಲ ಎದ್ದುಬಿಡುತ್ತಾರೆ. ದಾಬಸ್‌ಪೇಟೆ, ನೆಲಮಂಗಲದಲ್ಲಿ ಗಾಡಿ ಸಾಲು ಹೇಗಿರುತ್ತದೆ ಅಂತ ಅವರಿಗೆ ಗೊತ್ತು.

ಹೈವೇ ಪಕ್ಕದ ಛತ್ರ ನೋಡುವಾಗ ಇನ್ನೊಂದು ಕೆಲಸ ಮಾಡಿ. ಕಾರಿನಲ್ಲಿ ಹೋಗಬೇಡಿ, ಬಸ್ಸಿನಲ್ಲಿ ಹೋಗಿ. ಬಸ್ಸು ನಿಮ್ಮನ್ನು ಯಾವ ಪಕ್ಕ ಇಳಿಸುತ್ತದೆ ಅಂತ ನೋಡಿ. ಎದುರು ಪಕ್ಕ ಇಳಿಸಿದರೆ, ರೇಷ್ಮೆ ಸೀರೆ ಉಟ್ಟು ಕೈಯಲ್ಲಿ ಮಗು ಎತ್ತಿಕೊಂಡವರು, ಕೋಲು ಊರಿಕೊಂಡು ಬರುವ ಅಜ್ಜಿಯಂದಿರು ಆರು ಸಾಲು ಗಾಡಿ ಓಡುವ ರಸ್ತೆ ದಾಟಬೇಕಾಗುತ್ತದೆ. ಕೆಳಸೇತುವೆ ಎಷ್ಟು ದೂರ ಇದೆ ಅಂತ ನಡೆದು ನೋಡಿ. ದೂರ ಇದ್ದರೆ ಆ ಛತ್ರ ಬಿಡಿ. ಎಷ್ಟೇ ಚೆನ್ನಾಗಿದ್ದರೂ ಬಿಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಪಾರ್ಕಿಂಗ್ ಬಗ್ಗೆ ಛತ್ರದವರು "ಜಾಗ ಬೇಕಾದಷ್ಟಿದೆ" ಅನ್ನುತ್ತಾರೆ. ಒಂದು ಕಾರು ನಿಲ್ಲುವುದಕ್ಕೂ ತಿರುಗುವುದಕ್ಕೂ ಸೇರಿ ಸುಮಾರು 250 ಚದರ ಅಡಿ ಬೇಕು. ನೂರು ಕಾರಿಗೆ 25,000 ಚದರ ಅಡಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 23 ಗುಂಟೆ. ಅಷ್ಟು ಜಾಗ ಕಣ್ಣಿಗೆ ಕಾಣುತ್ತದಾ ನೋಡಿ. ದಿಬ್ಬಣದ ಬಸ್ಸು ಒಳಗೆ ಬಂದು ತಿರುಗಬಹುದಾ ಅಂತಲೂ ಕೇಳಿ. ಬಸ್ಸು ಹೊರಗೆ ರಸ್ತೆಯಲ್ಲಿ ನಿಂತರೆ ಬೀಗರನ್ನು ಎದುರುಗೊಳ್ಳುವುದೂ ರಸ್ತೆಯಲ್ಲೇ ಆಗುತ್ತದೆ.

ಊಟದ ಹಾಲ್: ಇಲ್ಲಿ ಆತುರ ಬೇಡ

ಈಗ ಛತ್ರದ ಹತ್ತಿರ ಬಂದಿದ್ದೀರಿ. ಮುಂದಿನ ಕಮಾನಿನ ಕಡೆ ಹೋಗಬೇಡಿ. ಪಕ್ಕದ ಸಂದಿಯಲ್ಲಿ ಹಿಂದಕ್ಕೆ ಹೋಗಿ, ಅಡುಗೆಮನೆ ಬಾಗಿಲಿಂದ ಒಳಗೆ ಹೋಗಿ. ಅಲ್ಲಿಂದ ಊಟದ ಹಾಲ್‌ಗೆ, ಆಮೇಲೆ ಮೇಲಿನ ಹಾಲ್‌ಗೆ, ಕೊನೆಗೆ ಮಂಟಪಕ್ಕೆ. ಈ ದಾರಿಯಲ್ಲಿ ನೋಡಿದರೆ ಛತ್ರ ಬೇರೆಯೇ ಕಾಣುತ್ತದೆ.

ಊಟದ ಹಾಲ್‌ನಲ್ಲಿ ಮೊದಲು ಮಾಡಬೇಕಾದ್ದು ಎಲೆಯ ಜಾಗ ಎಣಿಸುವುದು. ಛತ್ರದವರು ಹೇಳುವ ಸಂಖ್ಯೆ ಬೇಡ, ನೀವೇ ಎಣಿಸಿ. ಒಬ್ಬರು ಆರಾಮಾಗಿ ಕೂತು ಉಣ್ಣಲು ಎರಡು ಅಡಿ ಉದ್ದ ಬೇಕು. 60 ಅಡಿ ಸಾಲಿನಲ್ಲಿ 30 ಜನ. ಅದಕ್ಕಿಂತ ಜಾಸ್ತಿ ಕುರ್ಚಿ ತುರುಕಿದ್ದರೆ ಮೊಣಕೈ ಮೊಣಕೈಗೆ ತಾಗುತ್ತದೆ. ಸಾಲುಗಳ ನಡುವೆ ಬಡಿಸುವವರು ಸಾರಿನ ಬಕೆಟ್ ಹಿಡಿದು ಓಡಾಡುವಷ್ಟು ಜಾಗ ಇದೆಯಾ ಅಂತ ನೀವೇ ಒಂದು ಬಕೆಟ್ ಹಿಡಿದವರ ಹಾಗೆ ನಡೆದು ನೋಡಿ. ಎದುರಿನಿಂದ ಪಾಯಸದವರೂ ಬಂದರೆ ಇಬ್ಬರೂ ದಾಟಿ ಹೋಗಬೇಕು.

ಆಮೇಲೆ ಪಂಕ್ತಿಯ ಲೆಕ್ಕ. ಬಾಳೆ ಎಲೆ ಹಾಕಿ, ನೀರು ಚಿಮುಕಿಸಿ, ಕೋಸಂಬರಿಯಿಂದ ಮಜ್ಜಿಗೆವರೆಗೆ ಬಡಿಸಿ, ಜನ ಉಂಡು ಏಳಲು ಅರ್ಧ ಗಂಟೆ ಬೇಕು. ಎಲೆ ಎತ್ತಿ, ಟೇಬಲ್ ಒರೆಸಿ, ಹೊಸ ಎಲೆ ಹಾಕಲು ಇನ್ನು ಹತ್ತು ನಿಮಿಷ. ಅಂದರೆ ಪಂಕ್ತಿಗೆ 40 ನಿಮಿಷ.

ಸಾವಿರ ಜನ, 250 ಎಲೆಯ ಜಾಗ ಅಂತ ಇಟ್ಟುಕೊಳ್ಳಿ. ನಾಲ್ಕು ಪಂಕ್ತಿ, 2 ಗಂಟೆ 40 ನಿಮಿಷ. ಏಳೂವರೆಗೆ ಶುರು ಮಾಡಿದರೆ ಹತ್ತೂ ಹತ್ತಕ್ಕೆ ಮುಗಿಯುತ್ತದೆ. ಅದೇ ಸಾವಿರ ಜನಕ್ಕೆ 200 ಎಲೆ ಆದರೆ ಐದು ಪಂಕ್ತಿ, ಹತ್ತೂ ಐವತ್ತಾಗುತ್ತದೆ. ತಂಗಿಯ ಆರತಕ್ಷತೆಗೆ 1,100 ಜನ ಬಂದಿದ್ದರು. ಆ ಹಾಲ್‌ನಲ್ಲಿ ಇದ್ದದ್ದು 180 ಕುರ್ಚಿ. ಆರು ಪಂಕ್ತಿ ಆದ ಮೇಲೂ ಜನ ಉಳಿದಿದ್ದರು. ಈ ಭಾಗಾಕಾರ ಮೂರನೇ ಕ್ಲಾಸಿನ ಮಗು ಮಾಡುತ್ತದೆ. ನಾನು ಮಾಡಿರಲಿಲ್ಲ, ದೊಡ್ಡಪ್ಪ ಉಪವಾಸ ಹೋದರು.

ಹಾಗಾಗಿ ನನ್ನ ಲೆಕ್ಕ ಇಷ್ಟು: ಅತಿ ಹೆಚ್ಚು ಜನ ಬರುವ ಊಟಕ್ಕೆ ಎಷ್ಟು ಎಲೆಯೋ, ಅದರ ನಾಲ್ಕನೇ ಒಂದು ಭಾಗ ಒಂದೇ ಸಲ ಕೂರುವಂತಿರಬೇಕು. ಮೂರನೇ ಒಂದು ಭಾಗ ಆದರೆ ಇನ್ನೂ ಚೆಂದ. ಅದಕ್ಕಿಂತ ಕಡಿಮೆ ಇದ್ದು, ಛತ್ರ ಬಿಡಲು ಮನಸ್ಸೇ ಇಲ್ಲ ಅಂದರೆ, ಪಕ್ಕದಲ್ಲಿ ಬಫೆಗೆ ಒಂದು ಜಾಗ ಮಾಡಿ. ಹುಡುಗರು, ಆಫೀಸಿನವರು ಅಲ್ಲಿ ನಿಂತು ತಿನ್ನುತ್ತಾರೆ. ವಯಸ್ಸಾದವರನ್ನು ಮಾತ್ರ ತಟ್ಟೆ ಹಿಡಿದು ನಿಲ್ಲಿಸಬೇಡಿ.

ತಮ್ಮನ ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಒಂದು ಸಾಲು ವಯಸ್ಸಾದವರಿಗೆ ಅಂತಲೇ ಬಿಟ್ಟಿದ್ದೆವು. ಬಾಗಿಲ ಹತ್ತಿರದ, ಕೈ ತೊಳೆಯುವ ಜಾಗಕ್ಕೆ ಹತ್ತಿರದ ಸಾಲು. ನಮ್ಮ ಚಿಕ್ಕಪ್ಪನ ಮಗ ಏಳು ಗಂಟೆಗೆ ಮೇಲೆ ಹೋಗಿ ಒಬ್ಬೊಬ್ಬರನ್ನೇ ಕರೆದುಕೊಂಡು ಬಂದ. ದೊಡ್ಡಪ್ಪ ಏಳೂಮುಕ್ಕಾಲಿಗೆ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು.

ಮೇಲಿನ ಹಾಲ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡಾಡುವ ದಾರಿ ಸೇರಿ ಕುರ್ಚಿಗೆ ಹತ್ತು ಚದರ ಅಡಿ ಹಿಡಿಯಿರಿ, 500 ಕುರ್ಚಿಗೆ 5,000 ಚದರ ಅಡಿ. ಎಲ್ಲರೂ ಒಂದೇ ಸಲ ಅಲ್ಲಿ ಕೂರುವುದಿಲ್ಲ. ವಧೂವರರಿಗೆ ಮುಯ್ಯಿ ಕೊಡಲು ನಿಲ್ಲುವ ಸಾಲು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವಂತೆ ವೇದಿಕೆಗೆ ಎರಡು ಮೆಟ್ಟಿಲು ಇದೆಯಾ, ಅದನ್ನು ನೋಡಿ ಸಾಕು.

ಅಡುಗೆಯವರನ್ನು ಕರೆದುಕೊಂಡು ಹೋಗಿ

ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಅಡುಗೆಯವರಿಗೆ ಒಂದು ಸಲ ಛತ್ರ ತೋರಿಸಿ. ಆಟೋ ಚಾರ್ಜ್ ಕೊಟ್ಟಾದರೂ ಕರೆದುಕೊಂಡು ಹೋಗಿ.

ನಾವು ಕರೆದುಕೊಂಡು ಹೋದ ಭಟ್ಟರು ಅಡುಗೆಮನೆಗೆ ಹೋದವರೇ ನಲ್ಲಿ ತಿರುಗಿಸಿದರು. ಒಂದು ಚೊಂಬು ನೀರು ಹಿಡಿದು ಬಾಯಿಗೆ ಹಾಕಿಕೊಂಡು ಉಗುಳಿದರು. ಆಮೇಲೆ ಕೈಗೆ ಸೋಪು ಹಚ್ಚಿ ಉಜ್ಜಿದರು. ನೊರೆಯೇ ಬರಲಿಲ್ಲ. "ನೋಡಮ್ಮ, ಈ ನೀರಲ್ಲಿ ಬೇಳೆ ಬೇಯಲ್ಲ. ನಾಲ್ಕು ಗಂಟೆಗೆ ಒಲೆ ಮೇಲಿಟ್ರೆ ಎಂಟಕ್ಕೂ ಕಾಳು ಕಾಳಾಗೇ ಇರುತ್ತೆ" ಅಂದರು. ಗಡಸು ನೀರಿನಲ್ಲಿ ಬೇಳೆ ಮೆತ್ತಗಾಗುವುದು ನಿಧಾನ, ಅದು ನಮಗೂ ಮನೆಯಲ್ಲಿ ಗೊತ್ತಿರುವ ವಿಷಯವೇ. ಆದರೆ ಛತ್ರ ನೋಡುವಾಗ ನೀರು ಕುಡಿದು ನೋಡಬೇಕು ಅಂತ ನನಗೆ ಹೊಳೆದಿರಲಿಲ್ಲ.

ತುಮಕೂರು ಊರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಊರ ಹೊರಗಿನ ಛತ್ರಗಳಲ್ಲಿ ಸಾಮಾನ್ಯವಾಗಿ ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ಯಾವ ನೀರು, ಸಂಪ್ ಎಷ್ಟು ಲೀಟರಿನದು, ಮೇ ತಿಂಗಳಲ್ಲಿ ಬೋರ್ ಹೇಗಿರುತ್ತದೆ ಅಂತ ಕೇಳಿ. ಕೈ ತೊಳೆಯಲು, ಪಾತ್ರೆಗೆ, ಶೌಚಾಲಯಕ್ಕೆ ಎಲ್ಲ ಸೇರಿ ತಲೆಗೆ ಹತ್ತು ಲೀಟರ್ ಹಿಡಿದರೂ ಸಾವಿರ ಜನಕ್ಕೆ 10,000 ಲೀಟರ್ ಆಯಿತು. ರಾತ್ರಿ ಉಳಿಯುವವರ ಸ್ನಾನದ ನೀರು ಬೇರೆ. ಕುಡಿಯುವ ನೀರಿಗೆ 20 ಲೀಟರಿನ ಕ್ಯಾನ್ ತರಿಸುವುದಾದರೆ ಒಂದು ಕ್ಯಾನಿಗೆ ಕಾಲು ಲೀಟರಿನ 80 ಲೋಟ ಬರುತ್ತದೆ. ಸಾವಿರ ಜನ ಎರಡೆರಡು ಲೋಟ ಕುಡಿದರೆ 25 ಕ್ಯಾನ್. ಬೇಳೆಗೂ ಅನ್ನಕ್ಕೂ ಒಳ್ಳೆಯ ನೀರು ಬೇಕಾದರೆ ಅದನ್ನೂ ಸೇರಿಸಿ.

ಭಟ್ಟರು ಇನ್ನೂ ಮೂರು ವಿಷಯ ನೋಡಿದರು. ಅಡುಗೆಮನೆಯ ನೀರು ಹರಿದು ಹೋಗುವ ಚರಂಡಿ ಕಟ್ಟಿಕೊಂಡಿಲ್ಲವೇ ಅಂತ ಒಂದು ಬಕೆಟ್ ಸುರಿದು ನೋಡಿದರು. ಗ್ಯಾಸ್ ಸಿಲಿಂಡರ್ ಹೊರಗಡೆ ಇಡುವ ಜಾಗ ಇದೆಯಾ ನೋಡಿದರು. ಇಂಥ ಅಡುಗೆಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬಳಸಬೇಕು, ಮನೆಯ 14.2 ಕೆಜಿಯದು ಬಳಸುವಂತಿಲ್ಲ. ಕೊನೆಗೆ ಅಡುಗೆಮನೆಯಿಂದ ಊಟದ ಹಾಲ್‌ಗೆ ಮೆಟ್ಟಿಲು ಇದೆಯಾ ಅಂತ ನೋಡಿದರು. ಕುದಿಯುವ ಸಾಂಬಾರಿನ ಪಾತ್ರೆ ಹೊತ್ತು ಮೆಟ್ಟಿಲು ಹತ್ತುವುದು ಬಡಿಸುವ ಹುಡುಗರಿಗೆ ಅಪಾಯ. ಒಂದೇ ನೆಲದಲ್ಲಿ ಇದ್ದರೆ ಊಟವೂ ಬಿಸಿಯಾಗಿ ಬರುತ್ತದೆ.

ಉಗ್ರಾಣಕ್ಕೆ ಬೀಗ ಹಾಕುವ ಕೋಣೆ ಬೇಕೇ ಬೇಕು. ತಾಂಬೂಲದ ತೆಂಗಿನಕಾಯಿ, ಹಣ್ಣು, ಸಿಹಿ, ತುಪ್ಪದ ಡಬ್ಬ ಎಲ್ಲ ಅಲ್ಲೇ ಇರುತ್ತವೆ. ಬೀಗದ ಕೈ ಒಬ್ಬರ ಸೊಂಟದಲ್ಲೇ ಇರಲಿ. ನಮ್ಮ ಮನೆಯಲ್ಲಿ ಸೋದರತ್ತೆ.

ಎಂಜಲು ಎಲೆ ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಹಿಂದಿನ ಸಂದಿಯಲ್ಲಿ ನಿನ್ನೆಯ ಎಲೆಯ ವಾಸನೆ ಬರುತ್ತಿದ್ದರೆ, ನಿಮ್ಮ ಸಮಾರಂಭದ ದಿನವೂ ಹಿಂದಿನವರ ಎಲೆಯ ವಾಸನೆ ಇರುತ್ತದೆ. ಪ್ಲಾಸ್ಟಿಕ್ ಲೋಟ, ಚಮಚ, ಥರ್ಮೊಕೋಲ್ ತಟ್ಟೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಅದನ್ನು ಅಡುಗೆ ಕಂಟ್ರಾಕ್ಟರಿಗೆ ಮೊದಲೇ ಹೇಳಿಬಿಡಿ. ಬಾಡೂಟ ಇಟ್ಟುಕೊಳ್ಳುವವರು ಅದನ್ನೂ ಮೊದಲೇ ಕೇಳಬೇಕು. ಮಠದ, ದೇವಸ್ಥಾನದ ಛತ್ರಗಳಲ್ಲಿ ಸಾಧ್ಯವಿಲ್ಲ, ಬೇರೆ ಎಷ್ಟೋ ಕಡೆಯೂ ಒಪ್ಪುವುದಿಲ್ಲ. ಬೀಗರ ಊಟಕ್ಕೆ ಬೇರೆ ಜಾಗ ನೋಡಬೇಕಾಗಬಹುದು.

ಅಜ್ಜಿಯ ಕಾಲು, ಬಾಣಂತಿಯ ಕೋಣೆ

ಮನೆಯ ಅತಿ ವಯಸ್ಸಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಗೇಟಿನಿಂದ ಮಂಟಪದವರೆಗೆ ನಡೆಯಿರಿ. ಎಷ್ಟು ಮೆಟ್ಟಿಲು? ಹಿಡಿಕೆ ಇದೆಯಾ? ಲಿಫ್ಟ್ ಕೆಲಸ ಮಾಡುತ್ತಾ? ಹತ್ತಿ ನೋಡಿ, ಬರೀ ಬಾಗಿಲು ನೋಡಿ ಬರಬೇಡಿ. ಮಂಡಿ ನೋವಿರುವವರು ಕೂರುವಂಥ ಕಮೋಡ್ ಊಟದ ಹಾಲ್ ಇರುವ ನೆಲದಲ್ಲೇ ಇರಬೇಕು. ಮೇಲಿನ ಕೋಣೆಯಲ್ಲಿದೆ ಅಂದರೆ ಇಲ್ಲದ ಹಾಗೆಯೇ.

ಮುಹೂರ್ತ ಬೆಳಿಗ್ಗೆ ಆರೂವರೆಗೆ ಇದ್ದರೆ ಮನೆಯವರು ನಾಲ್ಕಕ್ಕೆ ಏಳಬೇಕು. ಅಷ್ಟೂ ಜನಕ್ಕೆ ಆ ಹೊತ್ತಿಗೆ ಬಿಸಿನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ. ಆರು ಕೋಣೆ, ಆರು ಗೀಸರ್ ಅಂದರೆ ಕೋಣೆಗೆ ಹತ್ತು ಜನರಂತೆ 60 ಜನಕ್ಕೂ ಕಷ್ಟ. ಬೀಗರ ಕಡೆಯ ಕೋಣೆಗಳನ್ನು ಮೊದಲು ನೋಡಿ. ಹಾಸಿಗೆ ಎತ್ತಿ ನೋಡಿ, ಬಾತ್‌ರೂಮಿನ ಚಿಲಕ ಹಾಕಿ ತೆಗೆಯಿರಿ. ಹಾಲು ಕುಡಿಸುವ ತಾಯಂದಿರು ಒಂದು ಗಳಿಗೆ ಬಾಗಿಲು ಹಾಕಿಕೊಂಡು ಕೂರಲು ಹಾಲ್‌ನ ಪಕ್ಕದಲ್ಲೇ ಒಂದು ಕೋಣೆ ಇದ್ದರೆ ಬಹಳ ಒಳ್ಳೆಯದು.

ಕರೆಂಟು, ಮೈಕು, ಬೆಂಕಿ

"ಜನರೇಟರ್ ಇದೆ" ಅನ್ನುವ ಮಾತಿಗೆ ಸಮಾಧಾನ ಆಗಬೇಡಿ. ಅದರಲ್ಲಿ ಏನೇನು ಓಡುತ್ತದೆ ಕೇಳಿ. ಬರೀ ಲೈಟು, ಫ್ಯಾನಾ? ಲಿಫ್ಟ್, ನೀರಿನ ಮೋಟರ್, ಎಸಿ, ಗೀಸರ್? ಐದು ನಿಮಿಷ ಹಾಕಿ ತೋರಿಸಿ ಅನ್ನಿ. ಡೀಸೆಲ್ ಲೆಕ್ಕ ಗಂಟೆಗಾ, ದಿನಕ್ಕಾ ಅಂತಲೂ ಕೇಳಿ.

ಶಬ್ದದ ನಿಯಮ 2000ನೇ ಇಸವಿಯಿಂದಲೂ ಇದೆ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಲಾನ್‌ನಲ್ಲಿ ಆರ್ಕೆಸ್ಟ್ರಾ ಇಡುವವರು ಹಾಡು ಏಳಕ್ಕೆ ಶುರು ಮಾಡಿಸಿ, ಹತ್ತಕ್ಕೆ ನಿಲ್ಲಿಸಿ. ಲಾನ್ ಹಿಡಿಯುವವರು ಮಳೆಯ ಬಗ್ಗೆಯೂ ಯೋಚಿಸಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ, ಗುಡುಗು, ಆಲಿಕಲ್ಲು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದೊಡ್ಡ ಮಳೆ. ಪಕ್ಕದಲ್ಲಿ ಮುಚ್ಚಿದ ಹಾಲ್ ಇಲ್ಲದ ಲಾನ್ ಈ ತಿಂಗಳುಗಳಲ್ಲಿ ಬೇಡ. ಶಾಮಿಯಾನ ಗಾಳಿಗೆ ನಿಲ್ಲುವುದಿಲ್ಲ.

ಬೆಂಕಿಯ ಮಾತನ್ನು ಶುಭ ಕಾರ್ಯದಲ್ಲಿ ಆಡಬಾರದು ಅಂತ ಅಮ್ಮ ಬೈಯುತ್ತಾರೆ. ಆದರೂ ಆಡುತ್ತೇನೆ. 2004ರ ಜನವರಿ 23ರಂದು ಶ್ರೀರಂಗಂನ ಕಲ್ಯಾಣ ಮಂಟಪವೊಂದರಲ್ಲಿ ಗರಿಯ ಚಪ್ಪರಕ್ಕೆ ಬೆಂಕಿ ಹತ್ತಿ ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. 2023ರ ಸೆಪ್ಟೆಂಬರಿನಲ್ಲಿ ಇರಾಕಿನ ಕಾರಾಕೋಶ್‌ನಲ್ಲಿ ಮದುವೆ ಹಾಲ್ ಒಳಗೆ ಹಚ್ಚಿದ ಬಾಣಬಿರುಸಿನ ಕಿಡಿ ಚಾವಣಿಯ ಅಲಂಕಾರಕ್ಕೆ ತಗುಲಿ ನೂರಕ್ಕೂ ಹೆಚ್ಚು ಜನ ಸತ್ತರು. ವಧೂವರರು ಬರುವಾಗ ಎರಡೂ ಪಕ್ಕ ಕಿಡಿ ಹಾರಿಸುವುದು ಈಗ ನಮ್ಮಲ್ಲೂ ಬಂದಿದೆ. ಬಟ್ಟೆ, ಪ್ಲಾಸ್ಟಿಕ್ ಹೂವು ಕಟ್ಟಿದ ಹಾಲ್ ಒಳಗೆ ಅದು ಬೇಡ ಅಂತ ಡೆಕೊರೇಷನ್ನವರಿಗೆ ಸ್ಪಷ್ಟವಾಗಿ ಹೇಳಿ.

ಛತ್ರದಲ್ಲಿ ಎಷ್ಟು ಬಾಗಿಲಿವೆ ಎಣಿಸಿ. ಹಿಂದಿನ ಬಾಗಿಲಿಗೆ ಬೀಗ ಹಾಕಿರುತ್ತಾರೆ, ಕರೆಯದವರು ಊಟಕ್ಕೆ ನುಗ್ಗಬಾರದು ಅಂತ. ಇಲ್ಲವೇ ಅದರ ಮುಂದೆ ಕುರ್ಚಿ ಪೇರಿಸಿರುತ್ತಾರೆ. ಸಮಾರಂಭದ ಎರಡೂ ದಿನ ಆ ಬೀಗ ತೆಗೆದಿರಬೇಕು, ಕುರ್ಚಿ ಬೇರೆ ಕಡೆ ಇಡಬೇಕು ಅಂತ ಮಾತಾಡಿಕೊಳ್ಳಿ. ಕರೆಯದವರು ನಾಲ್ಕು ಜನ ಉಂಡು ಹೋದರೆ ಹೋಗಲಿ.

ಇನ್ನೊಬ್ಬರ ಸಮಾರಂಭದ ದಿನ ಇನ್ನೊಂದು ಸಲ ಹೋಗಿ

ಖಾಲಿ ಛತ್ರ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಮನಸ್ಸಿಗೆ ಬಂದ ಎರಡು ಛತ್ರಗಳಿಗೆ ಅಲ್ಲಿ ಬೇರೆ ಯಾರದೋ ಮದುವೆ ನಡೆಯುವಾಗ, ಎರಡನೇ ಪಂಕ್ತಿಯ ಹೊತ್ತಿಗೆ ಮ್ಯಾನೇಜರನ್ನು ಕೇಳಿಕೊಂಡು ಹೋಗಿ. ಶೌಚಾಲಯಕ್ಕೆ ಹೋಗಿ ಬನ್ನಿ. ಕೈ ತೊಳೆಯುವ ಜಾಗದಲ್ಲಿ ನೆಲ ಜಾರುತ್ತಾ ನೋಡಿ. ಮೈಕಿನ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುತ್ತಾ ನೋಡಿ. ಎಲ್ಲಕ್ಕಿಂತ ಮುಖ್ಯ, ಊಟದ ಹಾಲ್ ಬಾಗಿಲಲ್ಲಿ ಎಷ್ಟು ಜನ ನಿಂತಿದ್ದಾರೆ, ಅವರ ಮುಖ ಹೇಗಿದೆ ನೋಡಿ. ಅರ್ಧ ಗಂಟೆ ಸಾಕು.

ದುಡ್ಡಿನ ಮಾತು ಕಾಗದದ ಮೇಲೆ

ಬಾಡಿಗೆ ಅಂತ ಹೇಳಿದ ಮೊತ್ತಕ್ಕೆ ಏನೇನು ಸೇರುತ್ತದೆ ಅಂತ ಒಂದೊಂದೇ ಕೇಳಿ ಬರೆಸಿಕೊಳ್ಳಿ. ಹಾಲ್ ಬಾಡಿಗೆಗೆ ಜಿಎಸ್‌ಟಿ 18%. ಒಂದೂವರೆ ಲಕ್ಷ ಅಂದರೆ 27,000 ಮೇಲೆ ಬೀಳುತ್ತದೆ. ಹೇಳಿದ ಮೊತ್ತ ಅದು ಸೇರಿಯಾ, ಬಿಟ್ಟಾ? ಕರೆಂಟು ಯೂನಿಟ್ ಲೆಕ್ಕ, ಡೀಸೆಲ್, ಕ್ಲೀನಿಂಗ್, ಪಾತ್ರೆ ಬಾಡಿಗೆ, ಎಲೆ ಸಾಗಿಸುವುದು, ಎಸಿ ಕೋಣೆಗಳು ಹೀಗೆ ಬೇರೆ ಬೇರೆ ಸೇರುತ್ತಾ ಹೋಗುತ್ತವೆ. ತಂಗಿಯ ಮದುವೆಯಲ್ಲಿ ಕೊನೆಯ ಬಿಲ್ಲು ಮಾತಾಡಿದ ಬಾಡಿಗೆಯ ಒಂದೂವರೆ ಪಟ್ಟು ಆಗಿತ್ತು. ಎಲ್ಲವೂ ನಿಜವಾದ ಖರ್ಚೇ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಚಿಕ್ಕ ಸಮಾರಂಭಕ್ಕೆ ದೇವಸ್ಥಾನದ ಛತ್ರಗಳನ್ನು ಮರೆಯಬೇಡಿ. ನೋಂದಾಯಿತ ಧಾರ್ಮಿಕ ಟ್ರಸ್ಟಿನ ದೇವಸ್ಥಾನದ ಆವರಣದಲ್ಲಿರುವ ಕಲ್ಯಾಣ ಮಂಟಪಕ್ಕೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಜಿಎಸ್‌ಟಿ ಇಲ್ಲ. ಅಪ್ಪನ ಅರವತ್ತರ ಶಾಂತಿಯನ್ನು ನಾವು ಅಂಥ ಕಡೆಯೇ ಮಾಡಿದೆವು. ಇನ್ನೂರು ಜನ, ಗರ್ಭಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರ. ಅಪ್ಪನಿಗೆ ಅದಕ್ಕಿಂತ ದೊಡ್ಡ ಜಾಗ ಬೇಕಿರಲಿಲ್ಲ.

ಹೊರಗಿನ ಅಡುಗೆಯವರನ್ನು ಬಿಡುತ್ತಾರಾ, ಡೆಕೊರೇಷನ್ ಅವರದ್ದೇ ಆಗಬೇಕಾ ಅನ್ನುವುದು ದೊಡ್ಡ ಪ್ರಶ್ನೆ. ಬಾಡಿಗೆ ಕಡಿಮೆ ಹೇಳಿ ಡೆಕೊರೇಷನ್ ಕಡ್ಡಾಯ ಮಾಡುವ ಕಡೆ ಒಟ್ಟು ಲೆಕ್ಕ ಹಾಕಿ ನೋಡಿ.

ಇನ್ನೊಂದು ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ, ಆದರೆ ಕೇಳಿ. ಮನೆಯಲ್ಲಿ ಸೂತಕ ಬಂದು ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ? ಬೇರೆ ದಿನ ಕೊಡುತ್ತಾರಾ? ಒಳ್ಳೆಯ ಛತ್ರದವರು ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿರುತ್ತಾರೆ. ರಸೀದಿಯ ಹಿಂದೆ ಒಂದು ಸಾಲು ಬರೆಸಿ ಸಹಿ ಹಾಕಿಸಿ. ಮದುವೆಯಾದರೆ ಹುಡುಗ ಹುಡುಗಿಯ ವಯಸ್ಸಿನ ದಾಖಲೆ ಕೇಳುತ್ತಾರೆ, 21 ಮತ್ತು 18 ತುಂಬಿರಬೇಕು. ಬೇಸರ ಮಾಡಿಕೊಳ್ಳಬೇಡಿ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಂಥ ಮದುವೆಗೆ ನೆರವಾದವರಿಗೂ ಶಿಕ್ಷೆ ಇದೆ.

ಕೀಲಿ ಕೈಗೆ ಬರುವ ಗಳಿಗೆ

ಛತ್ರ ಯಾವ ಗಂಟೆಗೆ ನಿಮ್ಮ ಕೈಗೆ, ಯಾವ ಗಂಟೆಗೆ ವಾಪಸ್ಸು ಅಂತ ರಸೀದಿಯಲ್ಲೇ ಇರಲಿ. ನಿಮಗಿಂತ ಮೊದಲು ಯಾರ ಸಮಾರಂಭ ಇದೆ ಕೇಳಿ. ಅವರು ಮೂರಕ್ಕೆ ಬಿಟ್ಟು ನೀವು ನಾಲ್ಕಕ್ಕೆ ಬಂದರೆ, ನೆಲ ತೊಳೆಯುವಷ್ಟರಲ್ಲಿ ಐದಾಗುತ್ತದೆ, ಹೂವಿನವರು ಏಣಿ ಹಾಕುವಷ್ಟರಲ್ಲಿ ಆರು. ಏಳಕ್ಕೆ ಜನ ಬರುತ್ತಾರೆ. ಆರತಕ್ಷತೆ ಇರುವವರು ಮಧ್ಯಾಹ್ನ ಹನ್ನೆರಡಕ್ಕಾದರೂ ಛತ್ರ ಕೈಗೆ ಸಿಗುವ ದಿನ ಹಿಡಿಯಿರಿ.

ಆ ದಿನ ಮನೆಯಿಂದ ಮೊದಲೇ ಹೋಗುವವರು ಒಬ್ಬರಿರಲಿ, ಮದುವೆ ಕೆಲಸ ಬೇರೆ ಏನೂ ಇಲ್ಲದವರು. ಮ್ಯಾನೇಜರ ಜೊತೆ ನಿಂತು ಕರೆಂಟ್ ಮೀಟರಿನ ಸಂಖ್ಯೆ ಬರೆದುಕೊಳ್ಳಲಿ, ಫೋನಿನಲ್ಲಿ ಫೋಟೋ ತೆಗೆಯಲಿ. ಜನರೇಟರಿನ ಗಂಟೆ ತೋರಿಸುವ ಮೀಟರಿದ್ದರೆ ಅದನ್ನೂ. ಒಡೆದ ಕನ್ನಡಿ, ಕಾಲು ಮುರಿದ ಕುರ್ಚಿ ಕಂಡರೆ ಅದರ ಫೋಟೋ. ಪಾತ್ರೆ ಎಣಿಸಿ ತೆಗೆದುಕೊಳ್ಳಲಿ, ಎಣಿಸಿ ವಾಪಸ್ಸು ಕೊಡಲಿ. ಸಂಪ್‌ನ ಮುಚ್ಚಳ ತೆಗೆದು ನೀರು ಎಲ್ಲಿವರೆಗೆ ಇದೆ ಅಂತ ಕಣ್ಣಾರೆ ನೋಡಲಿ. ತಮ್ಮನ ಮದುವೆಗೆ ನಾವು ಹೀಗೆ ನೋಡಿದಾಗ ಸಂಪ್ ಅರ್ಧ ಇತ್ತು. ಮಧ್ಯಾಹ್ನ ಎರಡು ಗಂಟೆ. ಟ್ಯಾಂಕರಿನವರಿಗೆ ಫೋನ್ ಮಾಡಲು ಇನ್ನೂ ಹೊತ್ತಿತ್ತು.